ಕ್ಯಾನನ್ 700ಡಿ ಇದೆ, 25 ಸಾವಿರ ರೂಪಾಯಿ ಇದೆ: ಕಿರುಚಿತ್ರಕ್ಕೆ ಏನೇನು ಕೊಳ್ಳಬೇಕು?

ನಿಮ್ಮ ಪ್ರಶ್ನೆಯ ಸಾರ ಇಷ್ಟು: ಕೈಯಲ್ಲಿ ಕ್ಯಾನನ್ 700ಡಿ ಮತ್ತು ಅದರ ಜೊತೆ ಬಂದ 18-55 ಕಿಟ್ ಲೆನ್ಸ್, ತೀರ್ಥಹಳ್ಳಿ ಕಡೆಯ ಹಳೇ ಹಂಚಿನ ಮನೆ, ಪಕ್ಕದ ಅಡಿಕೆ ತೋಟ, 15 ನಿಮಿಷದ ಕಥೆ, ಎರಡೋ ಮೂರೋ ಪಾತ್ರ, ಖರ್ಚಿಗೆ 25 ಸಾವಿರ. ಇರುವ ಕ್ಯಾಮೆರಾ ಮಾರಿ, ಈ ದುಡ್ಡೂ ಸೇರಿಸಿ 4ಕೆ ಕ್ಯಾಮೆರಾ ತಗೊಳ್ಳಲೇ ಅಂತ ಕೇಳಿದ್ದೀರಿ.

ಬೇಡ. 700ಡಿ 1080ಪಿ ವಿಡಿಯೊ ಕೊಡುತ್ತದೆ, ಅದರಲ್ಲಿ ಮೈಕ್ ಜಾಕ್ ಇದೆ, ಧ್ವನಿಯ ಮಟ್ಟವನ್ನು ಕೈಯಾರೆ ಇಡಬಹುದು. ಮೊದಲ ಕಿರುಚಿತ್ರಕ್ಕೆ ಇಷ್ಟು ಸಾಕು. ಸೆಕೆಂಡ್‌ಹ್ಯಾಂಡ್ ಕ್ಯಾಮೆರಾ ಹುಡುಕುತ್ತಾ ಈ ಉತ್ತರ ಓದುವ ಬೇರೆಯವರಿಗೆ ಒಂದು ಮಾತು: ಕ್ಯಾನನ್ 1300ಡಿ ಮತ್ತು 1500ಡಿ, ನಿಕಾನ್ ಡಿ3400 ಮತ್ತು ಡಿ3500, ಸೋನಿ ಎ6000, ಈ ಯಾವುದರಲ್ಲೂ ಹೊರಗಿನ ಮೈಕ್ ಹಾಕುವ ಜಾಕ್ ಇಲ್ಲ. ಫೋಟೊಗೆ ಒಳ್ಳೆಯವೇ, ಆದರೆ ಸಿನಿಮಾಕ್ಕೆ ಅಂತ ಕೊಳ್ಳಬೇಡಿ.

700ಡಿಯ ನಿಜವಾದ ತೊಂದರೆ ರೆಸಲ್ಯೂಶನ್ ಅಲ್ಲ. ಒತ್ತೊತ್ತಾದ ಗೆರೆಗಳಿದ್ದ ಕಡೆ ಅದರ ವಿಡಿಯೊದಲ್ಲಿ ಬಣ್ಣಬಣ್ಣದ ಅಲೆ ಎದ್ದು ಕುಣಿಯುತ್ತದೆ, ಅದಕ್ಕೆ ಮೊಯರೆ ಅನ್ನುತ್ತಾರೆ. ದೂರದಿಂದ ತೆಗೆದ ಹಂಚಿನ ಮಾಡು, ಕಿಟಕಿಯ ಸೊಳ್ಳೆ ಜಾಲರಿ, ಸಣ್ಣ ಚೌಕಳಿ ಅಂಗಿ, ಇವು ಮೂರೂ ಅಪಾಯ. ಎಡಿಟಿಂಗ್‌ನಲ್ಲಿ ಇದನ್ನು ತೆಗೆಯುವುದು ಬಹಳ ಕಷ್ಟ. ಆದ್ದರಿಂದ ಪಾತ್ರಗಳಿಗೆ ಒಂದೇ ಬಣ್ಣದ ಬಟ್ಟೆ ಕೊಡಿ, ಹಂಚು ಬರುವ ಶಾಟ್‌ನಲ್ಲಿ ಫೋಕಸ್ ಮುಂದಿನ ಮುಖದ ಮೇಲಿರಲಿ. ಪಿಕ್ಚರ್ ಸ್ಟೈಲ್‌ನಲ್ಲಿ ನ್ಯೂಟ್ರಲ್ ಆರಿಸಿ, ಶಾರ್ಪ್‌ನೆಸ್ ಸೊನ್ನೆಗೆ, ಕಾಂಟ್ರಾಸ್ಟ್ ಕೊನೆಯ ತನಕ ಕೆಳಗೆ, ಸ್ಯಾಚುರೇಶನ್ ಎರಡು ಮನೆ ಕೆಳಗೆ ಇಳಿಸಿ. ಯೂಟ್ಯೂಬ್‌ನಲ್ಲಿ ಸಿನೆಸ್ಟೈಲ್ ಅನ್ನುವ ತೀರಾ ಚಪ್ಪಟೆ ಪಿಕ್ಚರ್ ಸ್ಟೈಲ್ ಹಾಕಿ ಅಂತ ಹೇಳುವವರು ಬಹಳ. 8 ಬಿಟ್ ಫೈಲಿನಲ್ಲಿ ಅಷ್ಟು ಚಪ್ಪಟೆ ಚಿತ್ರ ತೆಗೆದು ಆಮೇಲೆ ಎಳೆದರೆ ಚರ್ಮದ ಬಣ್ಣ ಪಟ್ಟೆಪಟ್ಟೆಯಾಗಿ ಒಡೆಯುತ್ತದೆ. ನನಗೆ ನ್ಯೂಟ್ರಲ್ಲೇ ವಾಸಿ.

ದುಡ್ಡು ಮೊದಲು ಹೋಗಬೇಕಾದ್ದು ಧ್ವನಿಗೆ. ಬಾಯಿಂದ ಮೈಕಿನ ದೂರ ಇಮ್ಮಡಿಯಾದರೆ ಮಾತು ಸುಮಾರು 6 ಡೆಸಿಬೆಲ್ ಇಳಿಯುತ್ತದೆ, ಸುತ್ತಲಿನ ಗದ್ದಲ ಮಾತ್ರ ಇದ್ದಷ್ಟೇ ಇರುತ್ತದೆ. ಹಾಗಾಗಿ ಕ್ಯಾಮೆರಾ ತಲೆ ಮೇಲೆ ಕೂತ ಹತ್ತು ಸಾವಿರದ ಮೈಕಿಗಿಂತ ಎದೆ ಮೇಲಿನ ಸಾವಿರ ರೂಪಾಯಿಯ ಕಾಲರ್ ಮೈಕ್ ಒಳ್ಳೆಯದು. ಬೋಯಾ ಬಿವೈ-ಎಂ1 ಎರಡು ತಗೊಳ್ಳಿ. 6 ಮೀಟರ್ ವೈರ್, ಒಂದು ಎಲ್‌ಆರ್44 ಸೆಲ್, ಒಂದು ಸ್ವಿಚ್, ಅಷ್ಟೇ ಅದರಲ್ಲಿರುವುದು. ಫೋನಿಗೆ ಹಾಕುವಾಗ ಸ್ವಿಚ್ ಸ್ಮಾರ್ಟ್‌ಫೋನ್ ಕಡೆ, ಕ್ಯಾಮೆರಾಗೆ ಹಾಕುವಾಗ ಕ್ಯಾಮೆರಾ ಕಡೆ ಇರಬೇಕು. ತಪ್ಪು ಕಡೆ ಇದ್ದರೆ ಧ್ವನಿ ಬರುವುದೇ ಇಲ್ಲ ಅಥವಾ ಗುಂಯ್‌ಗುಡುತ್ತದೆ. ಅದರ ದೋಷ ಅಂತ ತೀರ್ಮಾನಿಸಿ ವಾಪಸ್ ಕಳಿಸುವ ಮೊದಲು ಆ ಸ್ವಿಚ್ ನೋಡಿ.

ರೆಕಾರ್ಡರ್ ಬೇರೆ ಕೊಳ್ಳಬೇಕಿಲ್ಲ. ಪ್ರತಿ ಪಾತ್ರದ ಜೇಬಿನಲ್ಲೋ ಸೊಂಟದಲ್ಲೋ ಒಂದೊಂದು ಫೋನ್ ಇಟ್ಟು ಮೈಕ್ ಅದಕ್ಕೇ ಸಿಕ್ಕಿಸಿ. ರೆಕಾರ್ಡಿಂಗ್ ಆ್ಯಪ್‌ನಲ್ಲಿ ವೇವ್ ಫಾರ್ಮ್ಯಾಟ್, 48 ಕಿಲೋಹರ್ಟ್ಸ್ ಇಡಿ, ಫೋನನ್ನು ಏರ್‌ಪ್ಲೇನ್ ಮೋಡ್‌ಗೆ ಹಾಕಿ. 3.5 ಮಿ.ಮೀ. ಜಾಕ್ ಇಲ್ಲದ ಫೋನಾದರೆ ಸಿ ಟೈಪ್ ಕನ್ವರ್ಟರ್ ಬೇಕು. ತೀರಾ ಅಗ್ಗದ ಎಷ್ಟೋ ಕನ್ವರ್ಟರ್‌ಗಳು ಹಾಡು ಕೇಳಿಸುತ್ತವೆಯೇ ಹೊರತು ಮೈಕನ್ನು ಒಳಕ್ಕೆ ಬಿಡುವುದಿಲ್ಲ, ಅಂಗಡಿಯಲ್ಲೇ ರೆಕಾರ್ಡ್ ಮಾಡಿ ನೋಡಿ. ಜೋರಾದ ಸಂಭಾಷಣೆಯನ್ನು ಹೇಳಿಸಿ ಮಟ್ಟ ಇಡಿ, ಮೀಟರ್ ಮೈನಸ್ 12ರ ಆಸುಪಾಸಿನಲ್ಲಿ ತಾಗಬೇಕು. ಸೊನ್ನೆ ಮುಟ್ಟಿ ಒಡೆದ ಧ್ವನಿಗೆ ಮದ್ದಿಲ್ಲ. ಪ್ರತಿ ಟೇಕ್ ಶುರುವಿನಲ್ಲಿ ಕ್ಯಾಮೆರಾ ಎದುರು ಒಂದು ಚಪ್ಪಾಳೆ ಹೊಡೆಯಿರಿ, ಕ್ಯಾಮೆರಾದ ಸ್ವಂತ ಮೈಕ್ ಕೂಡ ಆನ್ ಇರಲಿ. ಡಾವಿಂಚಿ ರಿಸಾಲ್ವ್ ಅನ್ನುವ ಎಡಿಟಿಂಗ್ ಸಾಫ್ಟ್‌ವೇರ್ ಆ ಎರಡು ಧ್ವನಿಯ ಅಲೆಗಳನ್ನು ಹೋಲಿಸಿ ತಾನೇ ಜೋಡಿಸುತ್ತದೆ.

ಮೈಕ್ ಎಲ್ಲಿ ಕೂರಿಸುತ್ತೀರಿ ಅನ್ನುವುದರ ಮೇಲೆ ಅರ್ಧ ಫಲಿತಾಂಶ ನಿಂತಿದೆ. ಗಲ್ಲದಿಂದ ಒಂದು ಗೇಣು ಕೆಳಗೆ, ಎದೆಯ ಮಧ್ಯ. ಮೈಕ್ರೋಪೋರ್ ಟೇಪನ್ನು ಅಂಟು ಹೊರಗೆ ಬರುವಂತೆ ತ್ರಿಕೋನವಾಗಿ ಮಡಚಿ, ಒಂದು ಮೈಕಿನ ಹಿಂದೆ, ಒಂದು ಮುಂದೆ ಇಟ್ಟು ಬಟ್ಟೆಗೆ ಅಂಟಿಸಿ. ಬಟ್ಟೆ ಮೈಕಿನ ಮೇಲೆ ಜಾರದಿದ್ದರೆ ಸರಸರ ಇರುವುದಿಲ್ಲ. ಹತ್ತಿ ಬಟ್ಟೆ ಸುಮ್ಮನಿರುತ್ತದೆ, ಪಾಲಿಯೆಸ್ಟರ್ ಮತ್ತು ಗರಿಗರಿ ರೇಷ್ಮೆ ಸದ್ದು ಮಾಡುತ್ತವೆ. ಮಾಂಗಲ್ಯದ ಸರ, ಉದ್ದ ಹಾರ ಮೈಕಿಗೆ ಟಕ್ ಟಕ್ ಬಡಿಯುವುದು ನಮ್ಮ ಕಡೆಯ ಕಿರುಚಿತ್ರಗಳಲ್ಲಿ ತೀರಾ ಸಾಮಾನ್ಯ. ಸರವನ್ನು ರವಿಕೆಯ ಒಳಗೆ ಟೇಪ್ ಹಾಕಿ ನಿಲ್ಲಿಸಿ, ಮೈಕನ್ನು ಸೆರಗಿನ ಅಂಚಿನ ಮರೆಯಲ್ಲಿ ಕೂರಿಸಿ. ಹೊರಾಂಗಣದಲ್ಲಿ ಮೈಕಿನ ಸ್ಪಂಜು ಗಾಳಿ ತಡೆಯುವುದಿಲ್ಲ, ಕೂದಲಿನಂಥ ಡೆಡ್‌ಕ್ಯಾಟ್ ಬೇಕು, ಕಾಲರ್ ಮೈಕಿನದು ನೂರಿನ್ನೂರಕ್ಕೆ ಸಿಗುತ್ತದೆ.

ತೋಟದ ಜೀರುಂಡೆ ಬಗ್ಗೆ ಬೇರೆಯೇ ಹೇಳಬೇಕು. ಸದ್ದು ಇರುವುದು ಸಮಸ್ಯೆಯಲ್ಲ, ಬದಲಾಗುವುದು ಸಮಸ್ಯೆ. ಒಬ್ಬನ ಕ್ಲೋಸಪ್ ಬೆಳಿಗ್ಗೆ, ಇನ್ನೊಬ್ಬಳದು ಸಂಜೆ ತೆಗೆದು ಕತ್ತರಿಸಿ ಜೋಡಿಸಿದರೆ ಪ್ರತಿ ಕಟ್‌ನಲ್ಲೂ ಜೀರುಂಡೆ ಶುರುವಾಗಿ ನಿಲ್ಲುತ್ತದೆ. ಒಂದು ದೃಶ್ಯದ ಮಾತೆಲ್ಲ ಒಂದೇ ಹೊತ್ತಿನಲ್ಲಿ ಮುಗಿಸಿ, ಮುಗಿದ ಮೇಲೆ ಎಲ್ಲರನ್ನೂ ಸುಮ್ಮನೆ ನಿಲ್ಲಿಸಿ ಒಂದು ನಿಮಿಷ ಬರೀ ಜಾಗದ ಸದ್ದು ರೆಕಾರ್ಡ್ ಮಾಡಿ. ಎಡಿಟಿಂಗ್‌ನಲ್ಲಿ ಮಾತಿನ ನಡುವಿನ ಖಾಲಿಗೆ ಹಾಸಲು ಅದು ಬೇಕು. ಮನೆಯೊಳಗೆ ಗಾರೆ ನೆಲ, ಬೋಳು ಗೋಡೆ ಇದ್ದರೆ ಮಾತು ಬಾವಿಯೊಳಗಿಂದ ಬಂದಂತೆ ಕೇಳುತ್ತದೆ. ಫ್ರೇಮಿನ ಹೊರಗೆ ಎರಡು ಕಂಬಳಿ ನೇತು ಹಾಕಿ, ನೆಲಕ್ಕೊಂದು ಜಮಖಾನ ಹಾಸಿ. ಫ್ರಿಜ್ ಆರಿಸಿ, ಬೈಕಿನ ಕೀ ಅದರೊಳಗೇ ಇಡಿ. ಹೊರಡುವಾಗ ಮತ್ತೆ ಆನ್ ಮಾಡುವುದು ಆಗ ಮರೆಯುವುದಿಲ್ಲ.

ಇನ್ನು ಎಕ್ಸ್‌ಪೋಶರ್. ಮೆನುವಿನಲ್ಲಿ ವಿಡಿಯೊ ಸಿಸ್ಟಮ್ ಪಾಲ್‌ಗೆ ಇಡಿ, 25 ಫ್ರೇಮ್, ಶಟರ್ 1/50. ನಮ್ಮ ಕರೆಂಟ್ 50 ಹರ್ಟ್ಸ್, ಬಲ್ಬುಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. 1/50 ಅಥವಾ 1/100 ಇಟ್ಟರೆ ಪ್ರತಿ ಫ್ರೇಮಿಗೂ ಮಿನುಗು ಪೂರ್ತಿ ಪೂರ್ತಿ ಸಿಕ್ಕಿ ಚಿತ್ರ ನಿಲ್ಲುತ್ತದೆ. 1/60 ಇಟ್ಟರೆ ಪರದೆ ಮೇಲೆ ಕಪ್ಪು ಪಟ್ಟಿ ಹರಿಯುತ್ತದೆ. ಫೋನಿನಲ್ಲಿ 30 ಫ್ರೇಮ್ ತೆಗೆದರೂ ಶಟರಿಗೆ ಇದೇ ಲೆಕ್ಕ.

ಮನೆಯಲ್ಲಿ ಇದು ಸಲೀಸು, ಬಿಸಿಲಿಗೆ ಬಂದರೆ ಕಗ್ಗಂಟು. ಐಎಸ್‌ಒ 100, ಶಟರ್ 1/50ಕ್ಕೆ ಚುರುಕು ಬಿಸಿಲಿನಲ್ಲಿ ಅಪರ್ಚರ್ ಎಫ್/22 ಬೇಕಾಗುತ್ತದೆ. ನಿಮಗೆ ಹಿನ್ನೆಲೆ ಮಸುಕಾಗಲು ಎಫ್/2.8 ಬೇಕು ಅಂದರೆ ಆರು ಸ್ಟಾಪ್ ಬೆಳಕು ತಡೆಯಬೇಕು (ಒಂದೊಂದು ಸ್ಟಾಪಿಗೂ ಬೆಳಕು ಅರ್ಧಕ್ಕರ್ಧ ಇಳಿಯುತ್ತದೆ), ಅಂದರೆ ಲೆನ್ಸಿನ ಮುಂದೆ ಬೆಳಕು ತಗ್ಗಿಸುವ ಎನ್‌ಡಿ64 ಫಿಲ್ಟರ್. ಇದಿಲ್ಲದೆ ಶಟರ್ ಏರಿಸುತ್ತಾ ಹೋದರೆ ಕೈಕಾಲಿನ ಚಲನೆ ಝಟ್‌ಝಟ್ ಅಂತ ಕುಪ್ಪಳಿಸುತ್ತದೆ. ಎಷ್ಟೋ ಕಿರುಚಿತ್ರಗಳ ಹೊರಾಂಗಣ ದೃಶ್ಯ ‘ವಿಡಿಯೊ ತರ’ ಕಾಣುವುದಕ್ಕೆ ಇದೂ ಕಾರಣ. ತಿರುಗಿಸುವ ವೇರಿಯಬಲ್ ಎನ್‌ಡಿ ಒಂದಿದ್ದರೆ ಅನುಕೂಲ. ಅದರೊಳಗೆ ಇರುವುದು ಎರಡು ಪೋಲರೈಸರ್, ಕೊನೆಯ ತನಕ ತಿರುಗಿಸಿದರೆ ಚಿತ್ರದ ಮೇಲೆ ಕಪ್ಪು ಇಂಟು ಗುರುತು ಬೀಳುತ್ತದೆ. ಎರಡರಿಂದ ಐದು ಸ್ಟಾಪ್ ಅಂತ ಮಿತಿ ಬರೆದು, ಅಲ್ಲೇ ತಡೆ ಇಟ್ಟಿರುವುದನ್ನು ಆರಿಸಿ, ಉಳಿದ ಒಂದು ಸ್ಟಾಪ್ ಎಫ್/4ರಿಂದ ಸರಿಹೋಗುತ್ತದೆ. 67 ಮಿ.ಮೀ. ಅಳತೆಯದು ಒಂದನ್ನೇ ಕೊಳ್ಳಿ. ಕಿಟ್ ಲೆನ್ಸಿಗೆ ಫಿಲ್ಟರ್ ಕೂರುವ ಅಳತೆ 58, ಕೆಳಗೆ ಹೇಳುವ 50 ಎಂಎಂ ಲೆನ್ಸಿನದು 49 ಮಿ.ಮೀ., ನೂರಿನ್ನೂರು ರೂಪಾಯಿಯ ಸ್ಟೆಪ್-ಅಪ್ ರಿಂಗ್ ಹಾಕಿದರೆ ಎರಡಕ್ಕೂ ಅದೇ ಆಗುತ್ತದೆ. ಅಗ್ಗದ ಫಿಲ್ಟರು ಚಿತ್ರಕ್ಕೆ ಸ್ವಲ್ಪ ಹಳದಿಯೋ ಹಸಿರೋ ಬಳಿಯುತ್ತದೆ. ಫಿಲ್ಟರ್ ಹಾಕಿದ ಮೇಲೆ ಬಿಳಿ ಹಾಳೆ ತೋರಿಸಿ ಕಸ್ಟಮ್ ವೈಟ್ ಬ್ಯಾಲೆನ್ಸ್ ಮಾಡಿದರೆ ಬಹುಪಾಲು ಹೋಗುತ್ತದೆ.

ಅಡಿಕೆ ತೋಟದ ಮಧ್ಯಾಹ್ನ ಮಾತ್ರ ಯಾವ ಫಿಲ್ಟರಿಗೂ ಬಗ್ಗುವುದಿಲ್ಲ. ಸೋಗೆ ಸಂದಿಯಿಂದ ಬಿದ್ದ ಬಿಸಿಲ ತುಂಡು ಮುಖದ ಮೇಲೆ ಸುಟ್ಟು ಬೆಳ್ಳಗಾಗುತ್ತದೆ, ಪಕ್ಕದ ನೆರಳು ಕಪ್ಪಾಗುತ್ತದೆ. ಈ ಸೆನ್ಸರ್ ಎರಡನ್ನೂ ಹಿಡಿಯಲಾರದು. ಬೆಳಿಗ್ಗೆ ಒಂಬತ್ತರ ಒಳಗೆ, ಸಂಜೆ ನಾಲ್ಕರ ಮೇಲೆ ಅಥವಾ ಮೋಡ ಇದ್ದಾಗ ತೆಗೆಯಿರಿ. ಅನಿವಾರ್ಯವಾದರೆ ಬಿಳಿ ಪಂಚೆಯನ್ನು ಇಬ್ಬರು ತಲೆಯ ಮೇಲೆ ಎಳೆದು ಹಿಡಿದರೆ ಕ್ಲೋಸಪ್‌ಗೆ ಸಾಲುತ್ತದೆ. ದೊಡ್ಡ ಸೆಟ್‌ಗಳಲ್ಲಿ ಸ್ಕಿಮ್ಮರ್ ಅಂತ ಕಟ್ಟುವುದೂ ಇದೇ ಕೆಲಸಕ್ಕೆ.

ಲೆನ್ಸಿಗೆ ಹೆಚ್ಚು ಚಿಂತೆ ಬೇಡ. ಕ್ಯಾನನ್ 50 ಎಂಎಂ ಎಫ್/1.8 ಎಸ್‌ಟಿಎಂ ಹಳೆಯದಾದರೂ ಸರಿ. 700ಡಿಯ ಸೆನ್ಸರಿಗೆ ಅದು 80 ಎಂಎಂನಂತೆ ಕಾಣುತ್ತದೆ, ಹತ್ತು ಅಡಿ ಕೋಣೆಯಲ್ಲಿ ಮುಖ-ಭುಜಕ್ಕೇ ಅದು ಲಾಯಕ್ಕು. ಅಗಲದ ಶಾಟಿಗೆ ಕಿಟ್ ಲೆನ್ಸೇ ಇರಲಿ. 24 ಎಂಎಂ ಎಫ್/2.8 ಪ್ಯಾನ್‌ಕೇಕ್ ಆಸೆ ಹುಟ್ಟಿಸುತ್ತದೆ, ಆದರೆ ಆ ಅಳತೆಯಲ್ಲಿ ಕಿಟ್ ಲೆನ್ಸಿಗಿಂತ ಒಂದು ಸ್ಟಾಪ್ ಮಾತ್ರ ಲಾಭ. 50ರಲ್ಲಿ ಕಿಟ್ ಲೆನ್ಸ್ ಎಫ್/5.6ಕ್ಕೆ ಕುಸಿದಿರುತ್ತದೆ, ಅಲ್ಲಿ ಮೂರು ಸ್ಟಾಪ್‌ಗೂ ಹೆಚ್ಚು ಸಿಗುತ್ತದೆ. ಹಾಗಂತ ಎಲ್ಲವನ್ನೂ 1.8ರಲ್ಲೇ ತೆಗೆಯಬೇಡಿ. ಒಂದೂವರೆ ಮೀಟರ್ ದೂರದಲ್ಲಿ ಆಗ ಫೋಕಸ್ ಇರುವ ಆಳ ಸುಮಾರು 6 ಸೆಂ.ಮೀ., ನಟ ಮುಂದಕ್ಕೆ ಬಾಗಿದರೆ ಕಣ್ಣು ಹೋಯಿತು. ಎಫ್/4ರಲ್ಲಿ ಹದಿಮೂರು ಹದಿನಾಲ್ಕು ಸೆಂ.ಮೀ. ಸಿಗುತ್ತದೆ. ರೋಲ್ ಮಾಡುವ ಮೊದಲು ಪರದೆಯಲ್ಲಿ ಹತ್ತು ಪಟ್ಟು ಹಿಗ್ಗಿಸಿ ಕಣ್ಣಿಗೆ ಫೋಕಸ್ ಹಿಡಿದು, ನಟ ನಿಲ್ಲುವ ಜಾಗಕ್ಕೆ ನೆಲದ ಮೇಲೆ ಟೇಪ್ ಅಂಟಿಸಿ.

ಟ್ರೈಪಾಡ್‌ಗೆ ನಾಲ್ಕೈದು ಸಾವಿರ ಇಡಿ. ಎರಡು ಸಾವಿರದ ಒಳಗಿನ ‘ಫ್ಲೂಯಿಡ್ ಹೆಡ್’ ಹೆಚ್ಚಾಗಿ ಹೆಸರಿಗೆ ಮಾತ್ರ, ಪ್ಯಾನ್ ಶುರುವಿನಲ್ಲಿ ಕಚ್ಚಿಕೊಂಡು ಆಮೇಲೆ ಜಿಗಿಯುತ್ತದೆ. ಹ್ಯಾಂಡಲಿಗೆ ರಬ್ಬರ್ ಬ್ಯಾಂಡ್ ಸಿಕ್ಕಿಸಿ ಅದನ್ನು ಎಳೆದು ತಿರುಗಿಸಿದರೆ ಆ ಜಿಗಿತ ಅರ್ಧ ಕಡಿಮೆಯಾಗುತ್ತದೆ. ನಡುವಿನ ಕೊಕ್ಕೆಗೆ ಐದು ಕಿಲೋ ಮರಳಿನ ಚೀಲ ತೂಗಿ. ಕ್ಯಾಮೆರಾ ತಳಕ್ಕೆ ಸಿಕ್ಕಿಸುವ ಕ್ವಿಕ್ ರಿಲೀಸ್ ಪ್ಲೇಟ್ ಇನ್ನೊಂದು ಕೂಡಲೇ ಕೊಂಡಿಡಿ, ಕಳೆಯುವುದು ಅದೇ. ನಡೆಯುವಾಗ ಕ್ಯಾಮೆರಾ ಅಲುಗದಂತೆ ಹಿಡಿಯುವ ಗಿಂಬಲ್ ಈ ಬಜೆಟ್‌ನಲ್ಲಿ ಬೇಡ.

ಬೆಳಕಿಗೆ ಎರಡು ಥರ್ಮೋಕೋಲ್ ಹಾಳೆ, ಆರು ಮೀಟರ್ ಕಪ್ಪು ಬಟ್ಟೆ, ಒಂದು ರೋಲ್ ಟ್ರೇಸಿಂಗ್ ಪೇಪರ್, ಎಲ್ಲ ಸೇರಿ ಸಾವಿರ ರೂಪಾಯಿ ಚಿಲ್ಲರೆ. ಹಗಲಿನ ದೃಶ್ಯಕ್ಕೆ ನಟನನ್ನು ಕಿಟಕಿಗೆ ಅಡ್ಡಲಾಗಿ ಕೂರಿಸಿ, ನೆರಳಿನ ಕಡೆಯಿಂದ ಥರ್ಮೋಕೋಲ್ ಹಿಡಿಯಿರಿ. ಮನೆಯ ಬಲ್ಬುಗಳನ್ನೆಲ್ಲ ಆರಿಸಿ. ನಮ್ಮ ಸಾಮಾನ್ಯ ಕೂಲ್ ವೈಟ್ ಎಲ್‌ಇಡಿ 6500 ಕೆಲ್ವಿನ್, ಜೊತೆಗೆ ಒಂದಿಷ್ಟು ಹಸಿರು. ಕಿಟಕಿ ಬೆಳಕಿನ ಜೊತೆ ಬೆರೆತರೆ ಒಂದು ಕೆನ್ನೆಗೆ ಒಂದು ಬಣ್ಣ. ರಾತ್ರಿ ದೃಶ್ಯಕ್ಕೆ ಗೋಡಾಕ್ಸ್ ಎಸ್‌ಎಲ್60 ತರದ 60 ವ್ಯಾಟ್ ಲೈಟು, ಸಾಫ್ಟ್‌ಬಾಕ್ಸ್ ಮತ್ತು ಸ್ಟ್ಯಾಂಡ್ ಸಹಿತ ಬಾಡಿಗೆಗೆ ತನ್ನಿ. ಅದರ ಫ್ಯಾನ್ ಗುರ್ ಅನ್ನುತ್ತದೆ, ಮೈಕಿನಿಂದ ದೂರ ಇರಲಿ. ಮದುವೆ ಶೂಟ್ ಮಾಡುವ ಸ್ಟುಡಿಯೊಗಳಲ್ಲಿ ಇವು ಇರುತ್ತವೆ. ಮದುವೆ ಇಲ್ಲದ ತಿಂಗಳಲ್ಲಿ ಕೇಳಿದರೆ ಚೌಕಾಸಿಗೆ ಜಾಗ ಇರುತ್ತದೆ. ಆಷಾಢದಲ್ಲಿ ನಿಮ್ಮ ಕಡೆಯ ಮಳೆ ಹಂಚಿನ ಮೇಲೆ ಬಡಿಯುವಾಗ ಮಾತು ಹಿಡಿಯಲಾಗದು, ಧನುರ್ಮಾಸಕ್ಕೆ ಇಟ್ಟುಕೊಳ್ಳಿ.

ಲೆಕ್ಕ ಅಂದಾಜು ಹೀಗೆ ಕೂರುತ್ತದೆ: ಮೈಕ್, ಡೆಡ್‌ಕ್ಯಾಟ್, ಕನ್ವರ್ಟರ್ 3 ಸಾವಿರ, ಹಳೇ 50 ಎಂಎಂ 5ರಿಂದ 6, ಎನ್‌ಡಿ ಮತ್ತು ರಿಂಗ್ 2.5, ಟ್ರೈಪಾಡ್ 5, ಥರ್ಮೋಕೋಲ್ ಇತ್ಯಾದಿ 1.5, ಲೈಟ್ ಬಾಡಿಗೆ 3, ಕಾರ್ಡ್, ಬ್ಯಾಟರಿ 3. ಉಳಿದ ಒಂದೆರಡು ಸಾವಿರ ಊಟಕ್ಕೆ. 700ಡಿಯ 1080ಪಿ ನಿಮಿಷಕ್ಕೆ ಸುಮಾರು 235 ಎಂಬಿ ತಿನ್ನುತ್ತದೆ, 32 ಜಿಬಿ ಕಾರ್ಡಿಗೆ ಎರಡು ಗಂಟೆ. ಒಂದು ದೊಡ್ಡ ಕಾರ್ಡಿಗಿಂತ ಎರಡು 32 ವಾಸಿ. ಕೊಂಡ ದಿನವೇ ಕಂಪ್ಯೂಟರಿನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ ಅನ್ನುವ ಕಾರ್ಡ್ ಪರೀಕ್ಷೆಯ ಪ್ರೋಗ್ರಾಂ ಓಡಿಸಿ, ನಕಲಿ ಕಾರ್ಡ್ ಬರೆದುಕೊಂಡಂತೆ ನಟಿಸಿ ಅರ್ಧ ಫೈಲು ನುಂಗುತ್ತದೆ. ಬ್ಯಾಟರಿ ಎಲ್‌ಪಿ-ಇ8, ಕನಿಷ್ಠ ಮೂರು ಬೇಕು, ಲೈವ್ ವ್ಯೂ ಬೇಗ ಹೀರುತ್ತದೆ. ಎಡಿಟಿಂಗ್‌ಗೆ ರಿಸಾಲ್ವ್‌ನ ಉಚಿತ ಆವೃತ್ತಿ ಸಾಕು, ಆದರೆ ವಿಂಡೋಸ್‌ನಲ್ಲಿ; ಲಿನಕ್ಸ್‌ನಲ್ಲಿ ಆ ಉಚಿತ ಆವೃತ್ತಿ ನಿಮ್ಮ ಕ್ಯಾಮೆರಾದ ಎಚ್.264 ಫೈಲು ತೆರೆಯುವುದಿಲ್ಲ.

ಹಳೇ ಲೆನ್ಸ್ ಕೊಳ್ಳುವಾಗ ಹಿಂದಿನಿಂದ ಮೊಬೈಲ್ ಟಾರ್ಚ್ ಬಿಟ್ಟು ಮುಂದಿನಿಂದ ಓರೆಯಾಗಿ ನೋಡಿ. ಧೂಳಿನ ಚುಕ್ಕೆ ಪರವಾಗಿಲ್ಲ. ಜೇಡರ ಬಲೆಯಂಥ ಎಳೆ ಕಂಡರೆ ಅದು ಫಂಗಸ್, ಬಿಟ್ಟುಬಿಡಿ. ಮಲೆನಾಡಿನಲ್ಲಿ ಮಳೆಗಾಲ ಕಳೆಯುವುದರೊಳಗೆ ಒಳ್ಳೆ ಲೆನ್ಸಿಗೂ ಇದು ಹತ್ತಬಹುದು. ಬಟ್ಟೆಯ ಬ್ಯಾಗಿನಲ್ಲಿಟ್ಟು ಬೀರುವಿಗೆ ಸೇರಿಸಬೇಡಿ; ರಬ್ಬರ್ ಅಂಚಿನ ಗಾಳಿಯಾಡದ ಡಬ್ಬ, ಅರ್ಧ ಕಿಲೋ ಸಿಲಿಕಾ ಜೆಲ್, ಒಳಗೊಂದು ಪುಟ್ಟ ತೇವಾಂಶದ ಮೀಟರ್ ಇಡಿ. ಮುಳ್ಳು 40ರಿಂದ 50ರ ನಡುವೆ ಇರಲಿ, 60 ದಾಟಿತು ಅಂದರೆ ಜೆಲ್ ಹುರಿದು ಒಣಗಿಸಿ ಮತ್ತೆ ಹಾಕಿ.