ಇಂಗ್ಲೆಂಡ್ ಚರ್ಚಿನ ಕಾನೂನು ಮಾಡುವ ಸಭೆಯಾದ ಜನರಲ್ ಸಿನೊಡ್‌ನಲ್ಲಿ ಪಾದ್ರಿಯಲ್ಲದ ಸದಸ್ಯರ ಮತಕ್ಕೆ ಬೆಲೆ ಇದೆಯೇ?

ಇದೆ, ಮಸೂದೆಯನ್ನೇ ಬೀಳಿಸುವಷ್ಟು. ಬಿಷಪರು, ಪಾದ್ರಿಗಳು, ಸಭಿಕರು (ಪಾದ್ರಿಯಲ್ಲದ ಸದಸ್ಯರು) ಎಂದು ಅಲ್ಲಿ ಮೂರು ಸದನ. ಚರ್ಚಿನ ಕಾನೂನಿಗೆ ಕೊನೆಯ ಒಪ್ಪಿಗೆ ಕೇಳುವಾಗ ಪ್ರತಿ ಸದನದ ಮತ ಬೇರೆಯಾಗಿ ಎಣಿಸುತ್ತಾರೆ. ಒಂದರಲ್ಲಿ ಸೋತರೂ ಮುಗಿಯಿತು. ಮಹಿಳೆಯರೂ ಬಿಷಪರಾಗಲು ಬಿಡುವ ಮಸೂದೆಗೆ ಮೂರರಲ್ಲೂ ಮೂರನೇ ಎರಡರಷ್ಟು ಬಹುಮತ ಬೇಕಿತ್ತು. 2012ರ ನವೆಂಬರ್‌ನಲ್ಲಿ ಬಿಷಪರು 44–3, ಪಾದ್ರಿಗಳು 148–45 ಒಪ್ಪಿದರು. ಸಭಿಕರಲ್ಲಿ 132–74 ಆಗಿ, ಬೇಕಾದ ಬಹುಮತ ಸಿಗದೆ ಮಸೂದೆ ಬಿತ್ತು. ವಿರೋಧಿಸಿದವರಲ್ಲಿ ಆರು ಜನ ಪರವಾಗಿ ಹಾಕಿದ್ದರೆ ಗೆಲ್ಲುತ್ತಿತ್ತು. 2014ರ ಜುಲೈನಲ್ಲಿ ಸಭಿಕರ ಮತ 152–45 ಆಗಿ, ಮಹಿಳಾ ಬಿಷಪರಿಗೆ ಒಪ್ಪಿಗೆ ಸಿಕ್ಕಿತು.

ಸಭಿಕರ ಪ್ರತಿನಿಧಿಗಳನ್ನು 5 ವರ್ಷಕ್ಕೆ ಆರಿಸುವವರು ಡೀನರಿ ಸಿನೊಡ್‌ಗಳ (ಅಕ್ಕಪಕ್ಕದ ಕೆಲವು ಪ್ಯಾರಿಷ್‌ಗಳ ಸ್ಥಳೀಯ ಸಭೆಗಳ) ಸಭಿಕ ಸದಸ್ಯರು, ಪ್ರಾಶಸ್ತ್ಯ ಮತದ ಮೂಲಕ. ಆರಿಸಿದವರು ಹೇಳಿದಂತೆಯೇ ಮತ ಹಾಕಬೇಕೆಂಬ ಕಟ್ಟಲೆ ಇಲ್ಲ.

ಹೊಸಬರು ಎಡವುವುದು ತಿದ್ದುಪಡಿಯಲ್ಲಿ. ಕೊನೆಯ ಒಪ್ಪಿಗೆಯ ದಿನ ಒಂದು ಪದವೂ ಬದಲಾಗದು, ಹೌದು ಅಥವಾ ಇಲ್ಲ ಅಷ್ಟೇ. ಮೊದಲ ಚರ್ಚೆ ಮುಗಿದ ಕೂಡಲೇ ನಿಮ್ಮ ತಿದ್ದುಪಡಿಯನ್ನು ಪರಿಷ್ಕರಣಾ ಸಮಿತಿಗೆ ಲಿಖಿತವಾಗಿ ಕಳಿಸಿ, ಅಲ್ಲಿಗೆ ಹೋಗಿ ವಾದಿಸಿ. ನಿಜವಾದ ಕೆಲಸ ನಡೆಯುವುದು ಅಲ್ಲೇ. ಭಾಷಣಕ್ಕೆ ಸಾಮಾನ್ಯವಾಗಿ 5 ನಿಮಿಷ. ಮಾತಾಡುವವರು ಹೆಚ್ಚಾದರೆ ಅಧ್ಯಕ್ಷರು 3ಕ್ಕೋ 2ಕ್ಕೋ ಇಳಿಸುತ್ತಾರೆ. 2 ನಿಮಿಷದ ಪ್ರತಿಯೂ ಜೇಬಿನಲ್ಲಿರಲಿ, ಮುಖ್ಯ ಮಾತು ಮೊದಲ ಸಾಲಿನಲ್ಲಿರಲಿ.

ಸಿನೊಡ್ ಒಪ್ಪಿದ ಮೇಲೂ 1919ರ ಕಾಯ್ದೆಯಂತೆ ಪಾರ್ಲಿಮೆಂಟಿನ ಎರಡೂ ಸದನ ಒಪ್ಪಬೇಕು, ಆಮೇಲೆ ರಾಜರ ಅಂಕಿತ. ಪಾರ್ಲಿಮೆಂಟ್ ತಿದ್ದುವಂತಿಲ್ಲ, ತಿರಸ್ಕರಿಸಬಹುದು. ಸಿನೊಡ್ ಹುಟ್ಟುವ ಮೊದಲು, 1927ರಲ್ಲಿ ಮತ್ತು 1928ರಲ್ಲಿ, ಚರ್ಚಿನ ಪರಿಷ್ಕೃತ ಪ್ರಾರ್ಥನಾ ಪುಸ್ತಕವನ್ನು ಕಾಮನ್ಸ್ ಸಭೆ ಹೀಗೇ ತಳ್ಳಿಹಾಕಿತ್ತು.