ಫೋಟೊ ಕಟ್ಟೆ: ‘ಚೆನ್ನಾಗಿಲ್ಲ’ ಅಂತ ಹೇಳೋದು ಹೇಗೆ?

ಈ ಸಲ ಯಾವ ಕ್ಯಾಮೆರಾ ಕೊಳ್ಳಲಿ ಅಂತ ಕೇಳಿದವರು ಕಡಿಮೆ. ಜೊತೆಯವರ ಫೋಟೊ ಬಗ್ಗೆ ಬಾಯಿ ಬಿಡೋದು ಹೇಗೆ ಅಂತ ಕೇಳಿದವರೇ ಜಾಸ್ತಿ. ಮದುವೆ ಫೋಟೊ ತೆಗೆದು ಹೊಟ್ಟೆ ಹೊರೆದ ನನಗೆ ಈ ಪ್ರಶ್ನೆ ಖುಷಿ ಕೊಟ್ಟಿತು. ಹಾಗಾಗಿ ಅಂಥ ಪತ್ರಗಳನ್ನೇ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ನಾವು ಕೆಲವು ಹವ್ಯಾಸಿಗಳು ಭಾನುವಾರ ಸೇರಿ ಒಬ್ಬರ ಫೋಟೊ ಒಬ್ಬರು ನೋಡುತ್ತೇವೆ. ಗವಿಮಠದ ಜಾತ್ರೆಯಲ್ಲಿ ಗೆಳೆಯ ತೆಗೆದ ತೇರಿನ ಫೋಟೊ ನೋಡಿ ‘ತೇರು ವಾಲೈತಲ್ಲೋ’ ಅಂದೆ. ಅವತ್ತಿಂದ ಅವನು ಬರೋದೇ ಬಿಟ್ಟಿದ್ದಾನೆ. ಇದ್ದದ್ದು ಇದ್ದ ಹಾಗೆ ಹೇಳಬಾರದಾ? ಫೋಟೊ ಜೊತೆಗಿಟ್ಟಿದ್ದೇನೆ.
— ಓದುಗ, ಕೊಪ್ಪಳ

ಉತ್ತರ: ಗೆಳೆಯನನ್ನು ಕೇಳಿ ಕಳಿಸಿದ್ದರೆ ಸರಿ. ಕೇಳದಿದ್ದರೆ ಮೊದಲು ಅದಕ್ಕಾದರೂ ಒಂದು ಫೋನ್ ಮಾಡಿ, ಮಾತು ಶುರುವಾಗಲಿ.

ಫೋಟೊ ನೋಡಿದೆ. ತೇರು ವಾಲಿಲ್ಲ. ನಿಮ್ಮ ಗೆಳೆಯ ತೇರಿನ ಬುಡದಲ್ಲೇ ನಿಂತು ಮೊಬೈಲನ್ನು ಮೇಲಕ್ಕೆ ಮುಖ ಮಾಡಿ ಹಿಡಿದಿದ್ದಾನೆ. ಹಾಗೆ ಹಿಡಿದರೆ ಎತ್ತರದ ವಸ್ತು ಯಾವುದಾದರೂ ಹಿಂದಕ್ಕೆ ಬೀಳುತ್ತಿರುವ ಹಾಗೆ, ಮೇಲೆ ಹೋದಂತೆ ಸಣ್ಣಗಾದ ಹಾಗೆ ಕಾಣುತ್ತದೆ. ಅಂಚಿಗೆ ಬಂದ ಕಂಬಗಳು ಒಳಕ್ಕೆ ಬಾಗುತ್ತವೆ. ‘ವಾಲೈತಿ’ ಅಂದರೆ ಅವನು ಮನೆಗೆ ಹೋಗಿ ಫೋಟೊ ತಿರುಗಿಸುತ್ತಾನೆ. ಆಗ ತೇರಿನ ಜೊತೆ ಜನರೆಲ್ಲ ಓರೆಯಾಗುತ್ತಾರೆ, ಅಷ್ಟೇ ಲಾಭ. ‘ಒಂದಿಷ್ಟು ಹಿಂದೆ ಸರಿದಿದ್ದರೆ, ಇಲ್ಲಾ ಯಾರದ್ದಾದರೂ ಮಾಳಿಗೆ ಹತ್ತಿದ್ದರೆ ತೇರು ನೆಟ್ಟಗೆ ಬರುತ್ತಿತ್ತು’ ಅಂದಿದ್ದರೆ ಮುಂದಿನ ಜಾತ್ರೆಗೆ ಅವನಿಗೊಂದು ಜಾಗ ಸಿಕ್ಕ ಹಾಗಾಗುತ್ತಿತ್ತು. ಮುಂದಿನ ಸಲ ಎಲ್ಲಿ ನಿಲ್ಲಬೇಕು, ಯಾವ ಹೊತ್ತಿಗೆ ಬರಬೇಕು ಅನ್ನೋದು ನಿಮ್ಮ ಮಾತಿನಿಂದ ಗೊತ್ತಾಗದಿದ್ದರೆ ಆ ಮಾತು ಸುಮ್ನೆ ಚುಚ್ಚುತ್ತದೆ.

ಈಗ ಅದೇ ಫೋಟೊದ ಬಲಗಡೆ ಕೆಳಮೂಲೆ ನೋಡಿ. ಒಬ್ಬ ಅಜ್ಜಿ ಇದ್ದಾಳೆ. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಾಳೆ. ಒಂದು ಕೈಯಲ್ಲಿ ಉತ್ತತ್ತಿ, ಬಾಳೆಹಣ್ಣು ಎದೆಗವಚಿ ಹಿಡಿದಿದ್ದಾಳೆ. ಎಸೆಯಲು ಎತ್ತಿದ ಇನ್ನೊಂದು ಕೈ ಮಣಿಕಟ್ಟಿನಲ್ಲೇ ಕಟ್ ಆಗಿದೆ. ಕಣ್ಣು ಕಳಸದ ಮೇಲಿದೆ. ನನಗಂತೂ ಇಡೀ ಫೋಟೊದ ಜೀವ ಅಲ್ಲಿದೆ ಅನ್ನಿಸಿತು. ಆದರೆ ನಿಮ್ಮ ಗೆಳೆಯನಿಗೆ ಬೇಕಾಗಿದ್ದದ್ದು ತೇರೋ, ಅಜ್ಜಿಯೋ? ‘ಕ್ಲಿಕ್ ಮಾಡುವಾಗ ಏನ್ ನೋಡ್ತಿದ್ದಿ?’ ಅಂತ ಮೊದಲು ಕೇಳಬೇಕಿತ್ತು. ಅಜ್ಜಿ ಅಂದಿದ್ದರೆ ತೇರಿನ ಸುದ್ದಿಯೇ ಬೇಡ, ಕಟ್ ಆದ ಕೈ ಬಗ್ಗೆ ಮಾತ್ರ ಮಾತಾಡಿದರೆ ಸಾಕಿತ್ತು. ತೇರು ಅಂದಿದ್ದರೆ ಅಜ್ಜಿಯನ್ನು ತೋರಿಸಿ, ‘ನಿನಗೇ ಗೊತ್ತಿಲ್ಲದ ಹಾಗೆ ಇದೊಂದು ಸಿಕ್ಕೈತಿ ನೋಡು’ ಅನ್ನಬಹುದಿತ್ತು.

ಇನ್ನೊಂದು ವಿಷಯ. ಫೋಟೊ ಸ್ವಲ್ಪ ಓರೆಯಾಗಿದ್ದರೆ, ಸ್ವಲ್ಪ ಕತ್ತಲಾಗಿದ್ದರೆ ಮೊಬೈಲಿನಲ್ಲೇ ನಿಮಿಷದಲ್ಲಿ ಸರಿಮಾಡಬಹುದು. ಅಂಥದ್ದನ್ನು ನಾಲ್ಕು ಜನರ ಮುಂದೆ ದೊಡ್ಡದು ಮಾಡಬೇಡಿ. ಕಟ್ ಆದ ಕೈ, ಶೇಕ್ ಆದ ಮುಖ, ಬೆಳಕು ಓವರ್ ಆಗಿ ಪೂರ್ತಿ ಬೆಳ್ಳಗಾದ ಆಕಾಶ, ಇವು ಮನೆಗೆ ಬಂದ ಮೇಲೆ ರಿಪೇರಿ ಆಗೋದಿಲ್ಲ. ಇವುಗಳಲ್ಲಿ ಯಾವುದು ಮುಖ್ಯವೋ ಅದೊಂದನ್ನೇ ಹೇಳಿ. ತಪ್ಪುಗಳ ಪಟ್ಟಿ ಓದಿದರೆ ಕೇಳಿದವನಿಗೆ ಕೊನೆಗೆ ನೆನಪಿರೋದು ನಿಮ್ಮ ಮುಖ ಮಾತ್ರ.

ಮೊದಲು ಹೊಗಳಿ, ನಡುವೆ ತಪ್ಪು ಹೇಳಿ, ಕೊನೆಗೆ ಮತ್ತೆ ಹೊಗಳಿ ಅನ್ನೋ ಉಪದೇಶ ನೀವೂ ಕೇಳಿರುತ್ತೀರಿ. ನನಗದು ಹಿಡಿಸೋದಿಲ್ಲ. ನಮ್ಮ ಕಡೆ ಜನ ಮೊದಲನೇ ಹೊಗಳಿಕೆಗೇ ‘ಅದಿರಲಿ, ಮುಂದೇನೈತಿ ಹೇಳ್ರಿ’ ಅಂತಾರೆ.

ಪ್ರಶ್ನೆ: ನನ್ನ ಹತ್ತಿರ ಇರೋದು ಮೊಬೈಲ್ ಮಾತ್ರ. ದೊಡ್ಡ ಕ್ಯಾಮೆರಾ ಇದ್ದವರ ಫೋಟೊ ಬಗ್ಗೆ ನಾನು ಮಾತಾಡಬಹುದಾ?
— ಓದುಗಿ, ಸಿಂಧನೂರು

ಉತ್ತರ: ಧಾರಾಳವಾಗಿ. ಸಾರಿಗೆ ಉಪ್ಪು ಜಾಸ್ತಿಯಾಗಿದೆ ಅನ್ನೋಕೆ ಅಡುಗೆಭಟ್ಟರೇ ಆಗಬೇಕಾ? ಆದರೆ ಶಟರ್, ಐಎಸ್‌ಒ ಅಂತ ಕ್ಯಾಮೆರಾದ ಸೆಟ್ಟಿಂಗ್ ಬಗ್ಗೆ ಹೇಳಲು ಹೋಗಬೇಡಿ. ‘ನನ್ನ ಕಣ್ಣು ಮೊದಲು ಹಿಂದಿನ ಕರೆಂಟ್ ಕಂಬಕ್ಕೆ ಹೋಯಿತು, ಆಮೇಲೆ ಹಕ್ಕಿ ಕಂಡಿತು’ ಅಂತ ನಿಮಗಾದದ್ದನ್ನು ಹೇಳಿ. ಹಕ್ಕಿಯ ಹಿಂದೆ ಬಿದ್ದವರಿಗೆ ಕಂಬ ಕಂಡಿರೋದೇ ಇಲ್ಲ.

ಪ್ರಶ್ನೆ: ರಾಯಚೂರು ಕೋಟೆಯ ಶಾಸನದ ಕಲ್ಲಿನ ಫೋಟೊ ಗ್ರೂಪಿಗೆ ಹಾಕಿದೆ. ಎಲ್ಲರೂ ‘ಸೂಪರ್ ಸರ್’ ಅಂದರು. ನಿಜವಾದ ಅಭಿಪ್ರಾಯ ಪಡೆಯೋದು ಹೇಗೆ?
— ಓದುಗ, ರಾಯಚೂರು

ಉತ್ತರ: ‘ಹೇಗಿದೆ?’ ಅಂತ ಕೇಳಿದರೆ ‘ಸೂಪರ್’ ಅಂತಲೇ ಬರುತ್ತದೆ. ಒಂದು ಹೆಬ್ಬೆಟ್ಟು ಒತ್ತಿ ಮುಂದೆ ಹೋಗುತ್ತಾರೆ. ಉತ್ತರ ಬೇಕಾದರೆ ಪ್ರಶ್ನೆ ಸಣ್ಣದಿರಬೇಕು. ಅದು 1294ರ ಶಾಸನ. ಅದೇ ಉದ್ದನೆಯ ಕಲ್ಲನ್ನು ಬಂಡಿಯ ಮೇಲೆ ಎಳೆದು ತಂದ ಗೆರೆಚಿತ್ರವೂ ಅಲ್ಲಿದೆ. ‘ಬಂಡಿಯ ಗೆರೆ ನಿಮಗೆ ಕಾಣ್ತಿದೆಯಾ?’ ಅಂತ ಕೇಳಿ ನೋಡಿ. ಅರ್ಧ ಜನ ‘ಯಾವ ಬಂಡಿ?’ ಅಂತಾರೆ. ಅದೇ ನಿಮಗೆ ಬೇಕಾದ ಅಭಿಪ್ರಾಯ. ಕಲ್ಲಿನ ತೆಳು ಗೆರೆಗೆ ಎದುರಿನಿಂದ ಬೆಳಕು ಬಿದ್ದರೆ ನೆರಳೇ ಇರೋದಿಲ್ಲ, ಗೆರೆ ಮಾಯ. ಬೆಳಕು ಬದಿಯಿಂದ ಸವರಿಕೊಂಡು ಹೋಗುವ ಹೊತ್ತು ಹುಡುಕಿ ಇನ್ನೊಂದು ತೆಗೆಯಿರಿ. ಎರಡನ್ನೂ ಒಟ್ಟಿಗೆ ಹಾಕಿ, ಯಾವುದು ವಾಸಿ ಅಂತ ಕೇಳಿ.

ಹಾಂ, ವಾಟ್ಸ್‌ಆ್ಯಪ್‌ನಲ್ಲಿ ಫೋಟೊವಾಗಿ ಕಳಿಸಿದರೆ ಅದು ಕುಗ್ಗಿ ಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ. ಇಲ್ಲದಿದ್ದರೆ ‘ಶಾರ್ಪ್ ಇಲ್ಲ’ ಅನ್ನೋ ಬೈಗುಳ ಸುಮ್ನೆ ನಿಮ್ಮ ಲೆನ್ಸಿಗೆ ಬೀಳುತ್ತದೆ.

ಪ್ರಶ್ನೆ: ದರೋಜಿ ಕರಡಿಧಾಮದಲ್ಲಿ ಕರಡಿ ಫೋಟೊ ತೆಗೆದೆ. ಸಣ್ಣದಾಗಿ ಬಂದಿದೆ. ‘ಹತ್ತಿರ ಹೋಗಬೇಕಿತ್ತು’ ಅಂತಾರೆ.
— ಓದುಗ, ಕಂಪ್ಲಿ

ಉತ್ತರ: ಹಾಗಂದವರನ್ನು ಒಮ್ಮೆ ದರೋಜಿಗೆ ಕರೆದುಕೊಂಡು ಹೋಗಿ. ಬಂಡೆಗೆ ಸವರಿದ ಬೆಲ್ಲ, ಜೇನು ನೆಕ್ಕಲು ಕರಡಿ ಇಳಿಯೋದು ಎದುರಿನ ಗುಡ್ಡದಲ್ಲಿ. ನಾವಿರೋದು ವೀಕ್ಷಣಾ ಗೋಪುರದಲ್ಲಿ. ಹತ್ತಿರ ಹೋಗೋದೆಲ್ಲಿಗೆ? ಕರಡಿ ಸಣ್ಣದಾಗಿಯೇ ಇರಲಿ, ಗುಡ್ಡದ ಫೋಟೊ ಅಂದುಕೊಂಡು ಬಂಡೆಗಳಿಗೆ ಜಾಸ್ತಿ ಜಾಗ ಕೊಡಿ.

ಪ್ರಶ್ನೆ: ನಮ್ಮ ಬಳಗದಲ್ಲಿ ಒಬ್ಬರು ನಿವೃತ್ತ ಮೇಷ್ಟ್ರು ಇದ್ದಾರೆ, ನನಗೇ ಪಾಠ ಹೇಳಿದವರು. ಎಲ್ಲ ಫೋಟೊಗೂ ಬಣ್ಣ ತುಂಬುತ್ತಾರೆ. ಅವರ ಸಂಡೂರಿನ ಫೋಟೊ ನೋಡಿದರೆ ಕಣ್ಣು ಕುಕ್ಕುತ್ತದೆ. ಹೇಗೆ ಹೇಳಲಿ?
— ಹೆಸರು ಬೇಡ, ಬಳ್ಳಾರಿ

ಉತ್ತರ: ಎಲ್ಲರೆದುರು ಹೇಳಬೇಡಿ ತಮ್ಮಾ. ಒಬ್ಬರೇ ಇದ್ದಾಗ ‘ಮೇಷ್ಟ್ರೇ, ಒರಿಜಿನಲ್ ಒಮ್ಮೆ ತೋರಿಸ್ತೀರಾ?’ ಅನ್ನಿ. ಎರಡನ್ನೂ ಅಕ್ಕಪಕ್ಕ ಇಡಿ. ಸಂಡೂರಿನದು ಅದಿರಿನ ಮಣ್ಣು, ಮೊದಲೇ ಕೆಂಪು. ಸ್ಯಾಚುರೇಶನ್, ಅಂದರೆ ಬಣ್ಣದ ಗಾಢತೆ, ಏರಿಸಿದರೆ ಲಾರಿ ಟೈರಿನ ಗುರುತು, ಹರಳು ಕಲ್ಲು, ಗುಡ್ಡದ ಮಡಿಕೆ ಎಲ್ಲ ಒಂದೇ ಕೆಂಪಿನಲ್ಲಿ ಮುಳುಗುತ್ತವೆ. ‘ಟೈರಿನ ಗುರುತು ಯಾವುದರಲ್ಲಿ ಚೆನ್ನಾಗಿ ಕಾಣ್ತದೆ ಮೇಷ್ಟ್ರೇ?’ ಅಂತ ಕೇಳಿ. ಜೀವನವಿಡೀ ಉತ್ತರಪತ್ರಿಕೆ ತಿದ್ದಿದವರು, ತಾವೇ ಕಂಡುಕೊಳ್ಳುತ್ತಾರೆ.

ಎರಡೂ ಒಂದೇ ಥರ ಕಾಣ್ತಿದೆ ಅಂದರೆ ಮಾತ್ರ ಸ್ವಲ್ಪ ಯೋಚಿಸಿ. ಕಣ್ಣಿನ ಪೊರೆ ಬಂದವರಿಗೆ ಬಣ್ಣಗಳು ಮಬ್ಬಾಗಿ, ಹಳದಿ ಬೆರೆತ ಹಾಗೆ ಕಾಣುತ್ತವೆ. ನಮಗೆ ಅತಿ ಅನ್ನಿಸಿದ್ದು ಅವರಿಗೆ ಸರಿಯಾಗಿಯೇ ಕಾಣುತ್ತಿರಬಹುದು. ಹಾಗೇನಾದರೂ ಅನುಮಾನ ಬಂದರೆ ಮೊದಲು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಫೋಟೊದ ಮಾತು ಆಮೇಲೆ.