ಪ್ರತಿಕ್ರಿಯೆ: ಲೂಸರ್ನ್‌ನ ಕಪೆಲ್‌ಬ್ರೂಕೆ ಇನ್ನೂ ಹಳೆಯ ಸೇತುವೆಯೇ?

ನಮಸ್ಕಾರ. ಸ್ವಿಟ್ಜರ್ಲೆಂಡಿನ ಲೂಸರ್ನ್ ನಗರದಲ್ಲಿ ರಾಯ್ಸ್ ನದಿಯ ಮೇಲಿರುವ, ಚಾವಣಿಯುಳ್ಳ ಮರದ ಸೇತುವೆಯಾದ ಕಪೆಲ್‌ಬ್ರೂಕೆ ಬೆಂಕಿಗೆ ತುತ್ತಾಗಿ ಮತ್ತೆ ಕಟ್ಟಲ್ಪಟ್ಟ ಮೇಲೂ ಅದನ್ನು ಹದಿನಾಲ್ಕನೆಯ ಶತಮಾನದ್ದೆಂದು ಕರೆಯುವುದು ಸರಿಯೇ, ಅದರ ಚಾವಣಿ ಬರಿಯ ಅಲಂಕಾರವೇ ಎಂದು ಕೇಳಿದ್ದೀರಿ.

ಚಾವಣಿ ಅಲಂಕಾರವಲ್ಲ. ಮರದ ಸೇತುವೆಯಲ್ಲಿ ತೊಲೆಗಳು ಕೂಡುವ ಸಂದಿಗಳಲ್ಲಿ ಮಳೆನೀರು ನಿಂತರೆ ಶಿಲೀಂಧ್ರ ಬೆಳೆದು ಮರ ಒಳಗಿನಿಂದಲೇ ಕೊಳೆಯುತ್ತದೆ. ಆದ್ದರಿಂದಲೇ ಭಾರ ಹೊರುವ ಚೌಕಟ್ಟನ್ನು ಒಣದಾಗಿಡುವ ಚಾವಣಿಯಿದ್ದರೆ ಸೇತುವೆಯ ಆಯುಷ್ಯ ಬಹಳಷ್ಟು ಹೆಚ್ಚುತ್ತದೆ.

1993ರ ಆಗಸ್ಟ್ 18ರ ಬೆಂಕಿಯಲ್ಲಿ ಸೇತುವೆಯ ಬಹುಭಾಗ ಸುಟ್ಟುಹೋದರೂ ಎರಡೂ ತುದಿಗಳ ಭಾಗಗಳು ಮತ್ತು ಪಕ್ಕದ ಎಂಟು ಮೂಲೆಯ ಕಲ್ಲಿನ ಜಲಗೋಪುರ ಉಳಿದವು. ಹಳೆಯ ರೂಪದಲ್ಲೇ ಮರುನಿರ್ಮಿಸಿದ ಸೇತುವೆಯನ್ನು 1994ರ ಏಪ್ರಿಲ್ 14ರಂದು ತೆರೆಯಲಾಯಿತು. ಅದಕ್ಕೂ ಮೊದಲೇ, ಹತ್ತೊಂಬತ್ತನೆಯ ಶತಮಾನದಲ್ಲಿ ದಡವನ್ನು ತುಂಬಿಸಿದಾಗ ಸೇತುವೆಯ ಉದ್ದವನ್ನು ಕಡಿಮೆ ಮಾಡಲಾಗಿತ್ತು. ಹಾಳಾದ ಮರವನ್ನು ಬದಲಿಸುತ್ತ ಬರುವುದು ಇಂಥ ಸೇತುವೆಗಳ ಪಾಲನೆಯ ಸಹಜ ಕ್ರಮವಾದ್ದರಿಂದ, ಅದೇ ಜಾಗದಲ್ಲಿ ಅದೇ ವಿನ್ಯಾಸವನ್ನು ಮುಂದುವರಿಸಿರುವ ಈ ಸೇತುವೆಯನ್ನು ಹಳೆಯದೆಂದೇ ಕರೆಯಬಹುದು ಎಂಬುದು ನನ್ನ ದೃಢ ಅಭಿಪ್ರಾಯ. ಆದರೆ ಸುಟ್ಟ ಭಾಗದ ಮರ ಹೊಸದೆಂದು ಅದರ ಜೊತೆಗೇ ಹೇಳುವುದು ಪ್ರಾಮಾಣಿಕತೆ.

ಮರಳಿ ಬಾರದ ನಷ್ಟವೆಂದರೆ ಚಿತ್ರಗಳದು. ಚಾವಣಿಯ ಕೆಳಗಿನ ತ್ರಿಕೋನ ಹಲಗೆಗಳ ಮೇಲೆ ಹದಿನೇಳನೆಯ ಶತಮಾನದಲ್ಲಿ, ಸ್ವಿಸ್ ಇತಿಹಾಸವನ್ನೂ ನಗರದ ಪೋಷಕ ಸಂತರಾದ ಲಿಯೋಡೆಗಾರ್ ಮತ್ತು ಮಾರಿಸ್ ಅವರ ಜೀವನವನ್ನೂ ಚಿತ್ರಿಸಲಾಗಿತ್ತು; ಅವುಗಳಲ್ಲಿ ಸುಮಾರು ಮೂರರಲ್ಲಿ ಎರಡು ಭಾಗ ಆ ಬೆಂಕಿಯಲ್ಲಿ ನಾಶವಾದವು. ತೊಲೆಯನ್ನು ಬಡಗಿ ಮತ್ತೆ ಕೆತ್ತಬಲ್ಲ, ಆ ಚಿತ್ರಕಾರರ ಕೈಚಳಕವನ್ನು ಯಾರೂ ಮರಳಿ ತರಲಾರರು.